ಆಟೋ ನೆಗೋಷಿಯೇಷನ್: ಟವೆಲ್ಲಿನ ಕೆಳಗಿನ ವ್ಯಾಪಾರ

ಸಿದ್ಧಗಂಗೆಯ ದನಗಳ ಜಾತ್ರೆಯನ್ನು ಒಮ್ಮೆಯಾದರೂ ಸುತ್ತಿದವರಿಗೆ ಈ ಪದ ಅರ್ಧ ಗೊತ್ತಿದ್ದ ಹಾಗೆಯೇ. ಶಿವರಾತ್ರಿಯ ಹೊತ್ತಿಗೆ ಸೇರುವ ಆ ಜಾತ್ರೆಯಲ್ಲಿ ಜೋಡಿ ಹೋರಿಗಳ ಮುಂದೆ ಇಬ್ಬರು ನಿಂತು, ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನೆರೆದವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ.

ಕಂಪ್ಯೂಟರಿಗೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದ ಕ್ಷಣದಲ್ಲಿ ನಡೆಯುವುದೂ ಇದೇ. ಒಂದು ತುದಿಯಲ್ಲಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್, ಇನ್ನೊಂದು ತುದಿಯಲ್ಲಿ ಸ್ವಿಚ್, ಅಂದರೆ ಹಲವು ಕಂಪ್ಯೂಟರುಗಳ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ. ಕಡತಗಳು ಹರಿಯುವುದಕ್ಕೆ ಮೊದಲು ಇವೆರಡೂ ಸಣ್ಣ ವಿದ್ಯುತ್ ಮಿಡಿತಗಳ ಮೂಲಕ ತಮ್ಮ ಶಕ್ತಿಯನ್ನು ಹೇಳಿಕೊಳ್ಳುತ್ತವೆ: ನನಗೆ ಸೆಕೆಂಡಿಗೆ 10 ಮೆಗಾಬಿಟ್ ಬರುತ್ತದೆ, 100 ಬರುತ್ತದೆ, 1000 ಬರುತ್ತದೆ. ಇಬ್ಬರಿಗೂ ಸಾಧ್ಯವಿರುವ ಅತಿ ಹೆಚ್ಚಿನ ವೇಗಕ್ಕೆ ವ್ಯಾಪಾರ ಮುಗಿಯುತ್ತದೆ. ಇದನ್ನು ಆಟೋ ನೆಗೋಷಿಯೇಷನ್ ಎನ್ನುತ್ತಾರೆ. 1995ರ ಫಾಸ್ಟ್ ಈಥರ್ನೆಟ್ ಮಾನದಂಡದ ಜೊತೆ ಬಂದದ್ದು. ‘ಸ್ವಯಂ ಸಂಧಾನ’ ಎಂದು ಕನ್ನಡಿಸಬಹುದು, ಆದರೆ ಸಂಧಾನ ಎಂದೊಡನೆ ಹಿಂದೊಂದು ಜಗಳವಿತ್ತು ಎನ್ನಿಸುತ್ತದೆ. ನನಗೆ ಚೌಕಾಸಿ ಎಂಬ ಮಾತೇ ಇಷ್ಟ.

ನಾನು ಕೆಲಸ ಮಾಡುವುದು ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಸಣ್ಣ ಮುದ್ರಣ ಕಚೇರಿಯಲ್ಲಿ. ಮದುವೆ ಆಲ್ಬಮ್ಮಿನ 4 ಜಿಬಿ ಕಡತವನ್ನು ವಿನ್ಯಾಸದ ಕಂಪ್ಯೂಟರಿನಿಂದ ಮುದ್ರಣದ ಕಂಪ್ಯೂಟರಿಗೆ ಕಳಿಸಲು ಆರು ನಿಮಿಷ ಹಿಡಿಯುತ್ತಿತ್ತು. ನಮ್ಮ ಯಜಮಾನರು ಮೊದಲು ಮಾಡಿದ್ದು ಇಂಟರ್ನೆಟ್ಟಿನ ದುಬಾರಿ ಪ್ಯಾಕೇಜ್ ಹಾಕಿಸಿಕೊಂಡದ್ದು. ಒಂದೇ ಕೋಣೆಯ ಎರಡು ಕಂಪ್ಯೂಟರುಗಳ ನಡುವೆ ಓಡಾಡುವ ಕಡತಕ್ಕೂ ಇಂಟರ್ನೆಟ್ ಪ್ಯಾಕೇಜಿಗೂ ಸಂಬಂಧವೇ ಇಲ್ಲ. ಕಡತ ಬೀದಿಗೇ ಇಳಿಯುವುದಿಲ್ಲ.

ಸುಳಿವು ಸಿಕ್ಕಿದ್ದು ಆ ಆರು ನಿಮಿಷದಲ್ಲಿಯೇ. ನಕಲಾಗುವಾಗ ವಿಂಡೋಸ್ ತೋರಿಸುತ್ತಿದ್ದ ವೇಗ ಸೆಕೆಂಡಿಗೆ 11 ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿ, ಕಡತವನ್ನು ಕಟ್ಟಿ ಕಳಿಸುವ ಖರ್ಚನ್ನು ಕಳೆದರೆ ಸುಮಾರು ಹನ್ನೊಂದೇ ಉಳಿಯುತ್ತದೆ. ಈ 11ರ ಸುತ್ತಮುತ್ತಲೇ ಮುಳ್ಳು ನಿಂತುಬಿಟ್ಟರೆ ಡಿಸ್ಕನ್ನಾಗಲಿ ವೈರಸ್ಸನ್ನಾಗಲಿ ಬೈಯುವ ಮೊದಲು ಚೌಕಾಸಿಯನ್ನು ಅನುಮಾನಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು ನೋಡಿದೆ. ಲಿಂಕ್ ಸ್ಪೀಡ್ 100/100. ಕಾರ್ಡ್ ಗಿಗಾಬಿಟ್‌ನದು, ಅಂದರೆ 1000 ಮೆಗಾಬಿಟ್‌ನದು, ಸ್ವಿಚ್ ಕೂಡ ಗಿಗಾಬಿಟ್‌ನದು. ಹಾಗಿದ್ದೂ ವ್ಯಾಪಾರ ಹತ್ತನೆಯ ಒಂದು ಪಾಲಿಗೆ ಕುದುರಿತ್ತು.

ಕೇಬಲ್ಲಿನ ಒಳಗೆ ಎಂಟು ತಂತಿಗಳಿವೆ, ನಾಲ್ಕು ಜೋಡಿ. 100 ಮೆಗಾಬಿಟ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿಗಳು ಸಾಕು. 1999ರಲ್ಲಿ ಬಂದ ತಾಮ್ರದ ಗಿಗಾಬಿಟ್‌ಗೆ ನೀಲಿ, ಕಂದು ಜೋಡಿಗಳೂ ಬೇಕು. ತಮಾಷೆಯೆಂದರೆ ಚೌಕಾಸಿ ನಡೆಯುವುದು ಮೊದಲಿನ ಎರಡು ಜೋಡಿಗಳ ಮೇಲೆ ಮಾತ್ರ. ಹಾಗಾಗಿ ಕಂದು ತಂತಿ ತುಂಡಾಗಿದ್ದರೂ ಮಾತು 1000ಕ್ಕೇ ಆಗುತ್ತದೆ. ಬೆಲೆ ಒಪ್ಪಿ ಹೋರಿಯನ್ನು ನಡೆಸಿ ನೋಡಿದಾಗ ಕುಂಟು ಬಯಲಾಗುತ್ತದೆ: ಲಿಂಕ್ ಏಳುವುದೇ ಇಲ್ಲ. ಒಂದೆರಡು ಬಾರಿ ಸೋತ ಮೇಲೆ ಈಗಿನ ಅನೇಕ ಕಾರ್ಡುಗಳು ತಾವಾಗಿಯೇ 100ಕ್ಕೆ ಇಳಿಯುತ್ತವೆ. ಯಾವ ದೂರೂ ಪರದೆಯ ಮೇಲೆ ಬರುವುದಿಲ್ಲ. ಎಲ್ಲವೂ ಕೆಲಸ ಮಾಡುತ್ತಿರುತ್ತದೆ, ನಿಧಾನವಾಗಿ.

ಕೇಬಲ್ ಕಳಚಿ ಅದರ ಪಾರದರ್ಶಕ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಏಳು ತಂತಿಗಳ ತಾಮ್ರದ ತುದಿಗಳು ಸಾಲಾಗಿ ಮಿನುಗಿದವು. ಎಂಟನೆಯದು, ಕಂದು ಬಣ್ಣದ್ದು, ಅರ್ಧ ರಾಗಿಕಾಳಿನಷ್ಟು ಹಿಂದೆಯೇ ನಿಂತಿತ್ತು. ಕ್ರಿಂಪ್ ಮಾಡಿದವರು, ಅಂದರೆ ತಂತಿಗಳನ್ನು ಪ್ಲಗ್ಗಿಗೆ ಒತ್ತಿ ಕೂರಿಸಿದವರು, ಅವಸರದಲ್ಲಿದ್ದರೇನೋ. ಇಲಿ ಕಡಿದಿದ್ದರೂ, ಕೇಬಲ್ ಉಳಿಸಲು ಒಂದರಲ್ಲೇ ಎರಡು ಕಂಪ್ಯೂಟರುಗಳಿಗೆ ನಾಲ್ಕು ನಾಲ್ಕು ತಂತಿ ಹಂಚಿದ್ದರೂ ಫಲ ಇದೇ. ಈ ಎರಡನೆಯ ಜಾಣತನವನ್ನು ನಾನು ಹಲವು ಕಡೆ ಕಂಡಿದ್ದೇನೆ, ಇಲಿಯನ್ನಾದರೂ ಕ್ಷಮಿಸಬಹುದು.

ಚೌಕಾಸಿ ಕೆಡುವ ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಯಾರೋ ಒಂದು ತುದಿಯಲ್ಲಿ ಆಟೋ ತೆಗೆದು ‘100, ಫುಲ್ ಡ್ಯೂಪ್ಲೆಕ್ಸ್’ ಎಂದು ಕೈಯಾರೆ ಬಿಗಿದಿಟ್ಟಿರುತ್ತಾರೆ. ಅಂದರೆ ಒಬ್ಬ ಟವೆಲ್ಲಿನೊಳಗೆ ಕೈಯನ್ನೇ ಇಡುವುದಿಲ್ಲ. ಇನ್ನೊಬ್ಬ ಎದುರಿನ ಸಂಕೇತದಿಂದ ವೇಗವನ್ನು ಊಹಿಸಬಲ್ಲ. ಏಕಕಾಲಕ್ಕೆ ಆಡುತ್ತ ಕೇಳುತ್ತ ಇರಬಹುದೇ (ಫುಲ್ ಡ್ಯೂಪ್ಲೆಕ್ಸ್ ಎಂದರೆ ಅದೇ) ಎಂಬುದು ಅವನಿಗೆ ತಿಳಿಯುವುದಿಲ್ಲ. ತಿಳಿಯದಿದ್ದಾಗ ಹಾಫ್ ಡ್ಯೂಪ್ಲೆಕ್ಸ್ ಎಂದು, ಅಂದರೆ ಸರದಿಯ ಮೇಲೆ ಮಾತು ಎಂದು, ಭಾವಿಸಬೇಕೆನ್ನುವುದು ನಿಯಮ. ಒಬ್ಬ ಎಡೆಬಿಡದೆ ಆಡುತ್ತಾನೆ, ಇನ್ನೊಬ್ಬ ಪ್ರತಿ ಬಾರಿಯೂ ಡಿಕ್ಕಿಯಾಯಿತೆಂದು ಮಾತನ್ನು ಅರ್ಧಕ್ಕೇ ನುಂಗುತ್ತಾನೆ. ಪಿಂಗ್ ಮಾಡಿದರೆ, ಅಂದರೆ ಆ ಕಡೆಯ ಯಂತ್ರವನ್ನು ‘ಇದ್ದೀಯಾ’ ಎಂದು ಕೂಗಿ ನೋಡಿದರೆ, ಚೆನ್ನಾಗಿಯೇ ಉತ್ತರ ಬರುತ್ತದೆ, ಏಕೆಂದರೆ ಅದು ಒಂದೊಂದೇ ಪುಟ್ಟ ಮಾತು. ದೊಡ್ಡ ಕಡತ ಹೊರಟರೆ ತೆವಳುತ್ತದೆ. ಪರಿಹಾರ ಸರಳ: ಎರಡೂ ತುದಿಗಳಲ್ಲಿ ಆಟೋ ಇರಲಿ, ಇಲ್ಲವೇ ಎರಡನ್ನೂ ಒಂದೇ ರೀತಿ ಬಿಗಿಯಿರಿ.

ನಮ್ಮ ಕೇಬಲ್ಲಿನ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದ ಮೇಲೆ 1000/1000 ಎಂದು ತೋರಿಸಿತು. ಆಲ್ಬಮ್ ಮುಕ್ಕಾಲು ನಿಮಿಷದೊಳಗೆ ತಲುಪಿತು. ಬಿಲ್ ಬರೆಯುವ ಮೇಜಿನ ಹಳೆಯ ಕಂಪ್ಯೂಟರ್ ಮಾತ್ರ ಇನ್ನೂ 100ರಲ್ಲಿಯೇ ಇದೆ. ಅದರ ಕಾರ್ಡಿಗೆ ಗೊತ್ತಿರುವುದೇ ಅಷ್ಟು.