ಮುಟ್ಟು ಮೊದಲ ಗುರುತಲ್ಲ

ಮುಂಬಯಿ ಸುತ್ತಿನ ಡೊಂಬಿವಿಲಿ, ಠಾಣೆ, ಮುಲುಂಡಿನ ನಮ್ಮ ಮನೆಗಳಲ್ಲಿ ಮಗಳು ಬೇಗ ದೊಡ್ಡವಳಾದಳೆಂಬ ಗಾಬರಿ ಹುಟ್ಟುವುದು ಮುಟ್ಟು ಕಂಡ ದಿನ. ಆ ಹೊತ್ತಿಗೆ ಬಹಳ ತಡವಾಗಿರುತ್ತದೆ. ಬದಲಾವಣೆ ಶುರುವಾಗುವುದು ಎದೆಯ ಮೊಗ್ಗಿನಿಂದ, ಮುಟ್ಟಿಗೆ ಸುಮಾರು ಎರಡು, ಎರಡೂವರೆ ವರ್ಷ ಮೊದಲು. ಎಷ್ಟೋ ಸಲ ಅದು ಮೊದಲು ಒಂದೇ ಕಡೆ ಮೂಡುತ್ತದೆ, ತಾಗಿದರೆ ನೋಯುತ್ತದೆ. ದಪ್ಪಗಿರುವ ಮಕ್ಕಳಲ್ಲಿ ಕೊಬ್ಬನ್ನೇ ಮೊಗ್ಗೆಂದು ತಿಳಿಯುವುದುಂಟು. ಕೊಬ್ಬು ಮೆತ್ತಗಿರುತ್ತದೆ, ಮೊಗ್ಗು ತೊಟ್ಟಿನ ಅಡಿಯಲ್ಲಿ ಬಿಲ್ಲೆಯಂತೆ ಗಟ್ಟಿಯಾಗಿ ಸಿಗುತ್ತದೆ.

ಹುಡುಗಿಗೆ 8, ಹುಡುಗನಿಗೆ 9 ವರ್ಷ ತುಂಬುವ ಮೊದಲೇ ಪ್ರಾಯದ ಬದಲಾವಣೆ ಶುರುವಾದರೆ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಬೇಕು. ಹುಡುಗರಲ್ಲಿ ಮೊದಲು ದೊಡ್ಡದಾಗುವುದು ವೃಷಣ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಗಿಯರಲ್ಲಿ ಬಹುಪಾಲು ಕಾರಣವೇ ಸಿಗದು; ಹುಡುಗರಲ್ಲಿ ಮಾತ್ರ ಮಿದುಳಿನಲ್ಲಿ ಗಡ್ಡೆಯಂಥ ಕಾರಣವಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಮಿದುಳಿನ ಎಂಆರ್‌ಐ ಬೇಕೆಂದರೆ ಮುಂದೂಡಬೇಡಿ. 6 ವರ್ಷದೊಳಗಿನ ಹುಡುಗಿಗೂ ಹೀಗೆಯೇ.

ಮೇ ರಜೆಗೆ ಊರಿಗೆ ಹೋದಾಗ "ಎಷ್ಟು ಉದ್ದ ಆಗಿದ್ದಾಳೆ ನೋಡು" ಎಂದು ಎಲ್ಲರೂ ಹಿಗ್ಗುತ್ತಾರೆ. ಮೋಸವಾಗುವುದು ಇಲ್ಲೇ. ಈ ವಯಸ್ಸಿನ ಮಗು ವರ್ಷಕ್ಕೆ 5-6 ಸೆಂ.ಮೀ. ಬೆಳೆಯುವುದು ವಾಡಿಕೆ, 8 ಸೆಂ.ಮೀ. ದಾಟಿದರೆ ಎಚ್ಚರವಿರಲಿ. ಹೆಣ್ತನದ ಹಾರ್ಮೋನ್ ಈಸ್ಟ್ರೊಜನ್ ಎಲುಬನ್ನು ಬೇಗ ಬೆಳೆಸುತ್ತದೆ, ಜೊತೆಗೆ ಎಲುಬಿನ ತುದಿಯ ಬೆಳವಣಿಗೆಯ ಪಟ್ಟಿಯನ್ನು ಬೇಗ ಮುಚ್ಚಿಯೂ ಬಿಡುತ್ತದೆ. ಮೂರನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರವಿದ್ದ ಹುಡುಗಿ ಕೊನೆಗೆ ಅಮ್ಮನಿಗಿಂತಲೂ ಗಿಡ್ಡ ಉಳಿಯಬಹುದು.

ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವನ್ನು ಗೋಡೆಗೆ ಲಂಬವಾಗಿಟ್ಟು ಎತ್ತರ ಅಳೆಯಿರಿ. ಆ ಲೆಕ್ಕ, ಮೊಗ್ಗು ಕಂಡ ತಿಂಗಳು, ತಂದೆ ತಾಯಿಯ ಎತ್ತರ, ತಾಯಿಗೆ ಮುಟ್ಟು ಶುರುವಾದ ವಯಸ್ಸು ಬರೆದುಕೊಂಡು ಹೋಗಿ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಹೊರತಂದ, 5ರಿಂದ 18 ವರ್ಷದವರೆಗಿನ ಬೆಳವಣಿಗೆಯ ನಕ್ಷೆಯಲ್ಲಿ ವೈದ್ಯರು ಆ ಅಂಕಿಗಳನ್ನು ಗುರುತಿಸಿ ನೋಡುತ್ತಾರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ಎಲುಬಿನ ವಯಸ್ಸು, ಅಂದರೆ ಎಲುಬು ಎಷ್ಟು ಬಲಿತಿದೆ ಎಂಬುದನ್ನು ಹೇಳುತ್ತದೆ. ಪ್ರಾಯದ ಬದಲಾವಣೆಗೆ ಮಿದುಳಿನ ಕಡೆಯಿಂದ ಬರುವ ಹಾರ್ಮೋನ್ ಎಲ್‌ಎಚ್‌ನ ರಕ್ತಪರೀಕ್ಷೆ ಬೆಳಿಗ್ಗೆಯೇ ಮಾಡಿಸುವುದು ಒಳ್ಳೆಯದು. ಥೈರಾಯಿಡ್ ತೀರಾ ಕಡಿಮೆಯಿದ್ದರೂ ಮೈನೆರೆಯುವುದು ಬೇಗ ಶುರುವಾಗಬಹುದು, ಆದರೆ ಆಗ ಎತ್ತರ ಏರುವುದಿಲ್ಲ. ಅದಕ್ಕೆ ಗುಳಿಗೆ ಸಾಕು.

ಎರಡು ವರ್ಷದೊಳಗಿನ ಕೂಸಿನ ಎದೆ ಉಬ್ಬಿದ್ದರೆ ಹೆಚ್ಚಾಗಿ ತಾನೇ ಇಳಿಯುತ್ತದೆ. ಬೆವರಿನ ವಾಸನೆ, ಗುಪ್ತಾಂಗದ ಕೂದಲು ಮಾತ್ರ ಬಂದಿದ್ದರೆ ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲಸ ಇರಬಹುದು, ಅದನ್ನೂ ತೋರಿಸಿ.

ಮಿದುಳಿನ ಸಂಕೇತವೇ ಬೇಗ ಹೊರಟಿದ್ದರೆ ಅದನ್ನು ತಡೆಹಿಡಿಯಲು ಲ್ಯೂಪ್ರೊಲೈಡ್ ಇಂಜೆಕ್ಷನ್ ಇದೆ. 28 ದಿನಕ್ಕೊಮ್ಮೆಯದು ಅಥವಾ 12 ವಾರಕ್ಕೊಮ್ಮೆಯದು. ಎಲ್ಲ ಮಕ್ಕಳಿಗೂ ಬೇಕಿಲ್ಲ, ನಿಧಾನವಾಗಿ ಸಾಗುವವರನ್ನು ಆರು ತಿಂಗಳು ನೋಡಿ ನಿರ್ಧರಿಸುತ್ತಾರೆ. ಮೊದಲ ಇಂಜೆಕ್ಷನ್ನಿನ ನಂತರ ಕೆಲವು ಹುಡುಗಿಯರಿಗೆ ಒಂದು ಸಲ ರಕ್ತ ಕಾಣಿಸುತ್ತದೆ. ಔಷಧಿ ಕೆಲಸ ಮಾಡಲಿಲ್ಲವೆಂದು ನಿಲ್ಲಿಸಬೇಡಿ. ಊರಿನ ರಜೆಯಲ್ಲಿ ತಾರೀಕು ತಪ್ಪಿದರೆ ಹಾರ್ಮೋನ್ ಮತ್ತೆ ಏರತೊಡಗುತ್ತದೆ, ಹಾಗಾಗಿ ರೈಲಿನ ಟಿಕೆಟ್ ಮಾಡಿಸುವ ಮೊದಲೇ ಇಂಜೆಕ್ಷನ್ನಿನ ತಾರೀಕು ನೋಡಿಕೊಳ್ಳಿ.