ಲೋಂಗೇವಾಲಾದ ಕಾಳಗ ಮತ್ತು ತೆರೆಯ ಮೇಲಿನ ಸಾವುಗಳು

ಯುದ್ಧದ ಕಥೆಯುಳ್ಳ ಚಿತ್ರಕಥೆಗಳನ್ನು ಓದಿ, ಇತಿಹಾಸದ ದೃಷ್ಟಿಯಿಂದ ಸಲಹೆ ಕೊಡುವುದು ನನ್ನ ಕೆಲಸ. ಸಮವಸ್ತ್ರದ ಪಟ್ಟಿ, ಬಂದೂಕಿನ ಮಾದರಿ, ಟ್ಯಾಂಕಿನ ಬಣ್ಣಗಳ ಬಗ್ಗೆಯೇ ಹೆಚ್ಚಿನವರು ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಒಂದು ಕಾಳಗದಲ್ಲಿ ಗೆಲುವು ಯಾವ ಕಾರಣದಿಂದ ದೊರೆಯಿತೋ ಆ ಕಾರಣ ತೆರೆಯ ಮೇಲೂ ಉಳಿದಿದೆಯೇ ಎಂಬ ಪ್ರಶ್ನೆ. 1971ರ ಭಾರತ-ಪಾಕಿಸ್ತಾನ ಯುದ್ಧದ ಲೋಂಗೇವಾಲಾ ಕಾಳಗವನ್ನು ಆಧರಿಸಿದ, ಜೆ.ಪಿ. ದತ್ತಾ ಅವರ 1997ರ ಹಿಂದಿ ಚಿತ್ರ ‘ಬಾರ್ಡರ್’ ಇದಕ್ಕೆ ಒಳ್ಳೆಯ ನಿದರ್ಶನ.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಗಡಿ ಠಾಣೆಯಲ್ಲಿ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ನೇತೃತ್ವದಲ್ಲಿ, ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಸುಮಾರು 120 ಯೋಧರಿದ್ದರು. ಎದುರಿಗೆ ಬಂದದ್ದು ಸುಮಾರು 40 ಟ್ಯಾಂಕುಗಳ ಬೆಂಬಲವಿದ್ದ, ಎರಡು ಸಾವಿರಕ್ಕೂ ಹೆಚ್ಚು ಸೈನಿಕರ ಪಾಕಿಸ್ತಾನಿ ಪಡೆ. ಜೈಸಲ್ಮೇರಿನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳು ಕತ್ತಲಲ್ಲಿ ದಾಳಿ ಮಾಡಲಾರದವಾಗಿದ್ದರಿಂದ, ಬೆಳಕು ಹರಿಯುವವರೆಗೆ ಠಾಣೆಯನ್ನು ಬಿಡದೆ ನಿಲ್ಲುವುದೇ ಚಾಂದ್‌ಪುರಿಯವರ ನಿರ್ಧಾರವಾಯಿತು. ಟ್ಯಾಂಕುಗಳು ತೀರ ಹತ್ತಿರ ಬರುವ ತನಕ ಅವರ ಕಡೆಯವರು ಗುಂಡು ಹಾರಿಸಲಿಲ್ಲ. ಮುಳ್ಳುತಂತಿಯ ಬೇಲಿಯನ್ನು ಕಂಡು ಅಲ್ಲಿ ನೆಲಬಾಂಬುಗಳಿವೆಯೆಂದು ಶಂಕಿಸಿ ಎದುರಾಳಿಗಳು ತಡೆದು ನಿಂತರು. ಅವರ ವಾಹನಗಳು ಮರಳಿನಲ್ಲಿ ಹೂತವು. ಬೆಳಗಾಗುತ್ತಲೇ ಬಂದ ಹಂಟರ್‌ಗಳಿಗೆ ಗುರಿ ತೋರಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ‘ಕೃಷಕ್’ ಎಂಬ ಪುಟ್ಟ ವಿಮಾನ. ಇಷ್ಟೆಲ್ಲ ನಡೆದು ಭಾರತದ ಕಡೆ ಮಡಿದವರು ಇಬ್ಬರು.

ಚಿತ್ರದಲ್ಲಿ ಮಡಿಯುವವರು ಇದಕ್ಕಿಂತ ಬಹಳ ಹೆಚ್ಚು. ಬೆಳಕಿಗಾಗಿ ಕಾಯುವ ಆ ರಾತ್ರಿಯ ತಲ್ಲಣವನ್ನು ಚಿತ್ರ ಉಳಿಸಿಕೊಂಡಿದೆ, ಅದು ಅದರ ನಿಜವಾದ ಶಕ್ತಿ ಎಂದು ನಾನು ಒಪ್ಪುತ್ತೇನೆ. ಆದರೆ ಸಾವುಗಳನ್ನು ಹೆಚ್ಚಿಸಿದಾಗ ಗೆಲುವಿನ ಕಾರಣವೇ ಬೇರೆಯಾಗಿ ಕಾಣುತ್ತದೆ. ದಿಬ್ಬದ ಮೇಲಿನ ನೆಲೆ, ಗುಂಡನ್ನು ತಡೆಹಿಡಿದ ಸಂಯಮ, ವಿಮಾನಗಳು ಬರುವ ಹೊತ್ತಿನ ಲೆಕ್ಕ, ಇವುಗಳಿಂದಾಗಿ ಅಷ್ಟು ಜನ ಜೀವಂತ ಉಳಿದರು. ತೆರೆಯ ಮೇಲೆ ಮಾತ್ರ ಪ್ರಾಣ ಕೊಟ್ಟದ್ದರಿಂದಲೇ ಠಾಣೆ ಉಳಿಯಿತೆಂಬ ಭಾವನೆ ಮೂಡುತ್ತದೆ; ಒಬ್ಬ ಅಧಿಕಾರಿಯ ಯುದ್ಧಕೌಶಲಕ್ಕೆ ಇದರಿಂದ ಅನ್ಯಾಯವಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಟ್ಯಾಂಕುಗಳ ಸುಳಿವು ಕೊಟ್ಟ ಗಸ್ತಿನ ಲೆಫ್ಟಿನೆಂಟ್ ಧರ್ಮವೀರ್ ಮತ್ತು ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್ ಇಬ್ಬರೂ ಚಿತ್ರದಲ್ಲಿ ಹುತಾತ್ಮರಾಗುತ್ತಾರೆ. ನಿಜದಲ್ಲಿ ಇಬ್ಬರೂ ಬದುಕುಳಿದರು. ರಾಠೋಡ್ ಅವರು ತೀರಿಕೊಂಡದ್ದು 2022ರಲ್ಲಿ, ಚಿತ್ರ ಬಿಡುಗಡೆಯಾಗಿ 25 ವರ್ಷಗಳ ಮೇಲೆ. ಬದುಕಿರುವ ಯೋಧನನ್ನು ಅವನದೇ ಹೆಸರಿನಲ್ಲಿ ಕೊಲ್ಲುವ ಸ್ವಾತಂತ್ರ್ಯ ಯಾವ ಚಿತ್ರಕಥೆಗೂ ಇಲ್ಲವೆಂದೇ ನಾನು ವಾದಿಸುತ್ತ ಬಂದಿದ್ದೇನೆ. ‘ನೈಜ ಘಟನೆಗಳಿಂದ ಪ್ರೇರಿತ’ ಎಂಬ ಆರಂಭದ ಸಾಲು ಇದನ್ನು ಸರಿಪಡಿಸುವುದಿಲ್ಲ, ಏಕೆಂದರೆ ನೋಡುಗರ ಮನಸ್ಸಿನಲ್ಲಿ ಉಳಿಯುವುದು ಹೆಸರು ಮತ್ತು ಮುಖ.

ಮಾತುಗಳನ್ನು ಕಲ್ಪಿಸಬಹುದು, ಗಂಟೆಗಳನ್ನು ನಿಮಿಷಗಳಿಗೆ ಇಳಿಸಬಹುದು, ನಾಲ್ಕಾರು ಸಿಪಾಯಿಗಳ ಅನುಭವವನ್ನು ಒಬ್ಬನಲ್ಲಿ ಕೂಡಿಸಬಹುದು. ಇವಿಲ್ಲದೆ ಸಿನಿಮಾ ಆಗುವುದೇ ಇಲ್ಲ. ಆದರೆ ಕಥೆಗೆ ಸಾವು ಬೇಕೇಬೇಕೆಂದಾದರೆ, ಅದಕ್ಕೊಂದು ಕಲ್ಪಿತ ಹೆಸರಿನ ಪಾತ್ರವನ್ನು ಸೃಷ್ಟಿಸಿ, ನಿಜವಾದ ಹೆಸರುಗಳಿಗೆ ನಿಜವಾದ ಗತಿಯನ್ನೇ ಬಿಡಿ ಎಂದು ಮೊದಲ ಕರಡಿನ ಅಂಚಿನಲ್ಲೇ ನಾನು ಬರೆಯುತ್ತೇನೆ. ಚಿತ್ರೀಕರಣ ಶುರುವಾದ ಮೇಲೆ ಆ ಮಾತನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.