ಸರ್ವೆಯಲ್ಲಿ ಖಾಲಿ ಬಿಟ್ಟ ಕಾಲಂಗೆ ಸರಾಸರಿ ತುಂಬಬಹುದಾ?

ಪ್ರಶ್ನೆ: ಸಿಂಧನೂರು ಕಡೆ 240 ಮನೆಗಳ ಸರ್ವೆ ಮಾಡಿದ್ದೇನೆ, 20 ಪ್ರಶ್ನೆ. ಆದಾಯಕ್ಕೂ ಸಾಲಕ್ಕೂ ಇರುವ ನಂಟು ಅಳೆಯಲು ರಿಗ್ರೆಷನ್ ಹಾಕಿದರೆ ಸಾಫ್ಟ್‌ವೇರ್ 86 ಮನೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಿದೆ. ಖಾಲಿ ಇರುವ ಕಡೆ ಸರಾಸರಿ ತುಂಬಿಬಿಡಲಾ?

ಬೇಡ. ಮೊದಲು ಆ 86 ಎಲ್ಲಿಂದ ಬಂತು ನೋಡಿ. 20ರಲ್ಲಿ ಒಂದು ಉತ್ತರ ಖಾಲಿ ಇದ್ದರೂ ಸಾಫ್ಟ್‌ವೇರ್ ಆ ಮನೆಯ ಇಡೀ ಸಾಲನ್ನೇ ಬಿಟ್ಟುಬಿಡುತ್ತದೆ. ಪ್ರತಿ ಪ್ರಶ್ನೆಗೆ ನೂರಕ್ಕೆ 5 ಜನ, ಅದೂ ಒಂದು ಪ್ರಶ್ನೆಗೂ ಇನ್ನೊಂದಕ್ಕೂ ಸಂಬಂಧವಿಲ್ಲದಂತೆ, ಉತ್ತರ ಬಿಟ್ಟರು ಅಂದುಕೊಳ್ಳಿ, 20 ಪ್ರಶ್ನೆ ಮುಗಿಯುವಷ್ಟರಲ್ಲಿ ಪೂರ್ತಿ ತುಂಬಿದ ಹಾಳೆ ನೂರಕ್ಕೆ 36ರಷ್ಟೇ ಉಳಿಯುತ್ತವೆ.

ಸರಾಸರಿ ತುಂಬುವುದು ಅಂದರೆ, ಕಾಲುವೆ ಪಕ್ಕದ ಭತ್ತದ ಗದ್ದೆಯವನಿಗೂ ಕೊನೆ ಭಾಗದಲ್ಲಿ ನೀರೇ ಕಾಣದವನಿಗೂ ಒಂದೇ ಆದಾಯ ಬರೆದಂತೆ. ಅಂಕಿಗಳ ಏರುಪೇರು ಕಡಿಮೆಯಾಗುತ್ತದೆ, ಆದಾಯಕ್ಕೂ ಸಾಲಕ್ಕೂ ಇರುವ ನಂಟು ಸಡಿಲವಾಗಿ ಕಾಣುತ್ತದೆ. ನೀವು ಹುಡುಕುತ್ತಿರುವುದೇ ಆ ನಂಟು ಅಲ್ವಾ?

ಯಾಕೆ ಖಾಲಿ ಅಂತ ಹಾಳೆ ಹಿಡಿದು ನೋಡಿ. ಜಮೀನೇ ಇಲ್ಲದ ಮನೆಯಲ್ಲಿ 'ಎಷ್ಟು ಚೀಲ ಭತ್ತ' ಖಾಲಿ ಇದ್ದರೆ ಅದು ತಪ್ಪಿಹೋದ ಉತ್ತರ ಅಲ್ಲವೇ ಅಲ್ಲ. 'ಗೊತ್ತಿಲ್ಲ' ಅಂದವರಿಗೆ ಗುರುತಿಗೆ 99 ಅಂತ ಹಾಕಿದ್ದೀರಾ, ಅದನ್ನೂ ತೆಗೆದು ಖಾಲಿ ಬಿಡಿ. ನಾನೊಮ್ಮೆ ಮರೆತು ಒಂದು ಬಡ ಮನೆಯ ಮುಂದೆ 99 ಎಮ್ಮೆ ಕಟ್ಟಿಬಿಟ್ಟಿದ್ದೆ!

ಉಳಿದದ್ದಕ್ಕೆ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಹಾಕಿಕೊಟ್ಟ ದಾರಿ ಇದೆ. ವಯಸ್ಸಾದವರು ಆದಾಯ ಹೇಳಿಲ್ಲ, ಆದರೆ ಅವರ ವಯಸ್ಸು, ಎಕರೆ, ಊರು ನಿಮ್ಮ ಹತ್ತಿರ ಇದೆ. ಆಗ ಮಲ್ಟಿಪಲ್ ಇಂಪ್ಯುಟೇಷನ್ ಮಾಡಿ. ಇರುವ ಉತ್ತರಗಳಿಂದ ಇಲ್ಲದ್ದನ್ನು ಅಂದಾಜಿಸಿ, ಸ್ವಲ್ಪ ಏರುಪೇರು ಬೇಕಂತಲೇ ಸೇರಿಸಿ, ಒಂದಲ್ಲ 20 ಪ್ರತಿ ತುಂಬುವುದು. ಪ್ರತಿಯೊಂದಕ್ಕೂ ರಿಗ್ರೆಷನ್ ಹಾಕಿ ಕೊನೆಗೆ ಆ ಫಲಿತಾಂಶಗಳ ಸರಾಸರಿ ತೆಗೆದು ಒಂದಾಗಿಸುವುದು. ಒಂದು ಪ್ರತಿಯಿಂದ ಇನ್ನೊಂದಕ್ಕೆ ಉತ್ತರ ಎಷ್ಟು ಅಲುಗಾಡುತ್ತದೋ ಅದೂ ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆಗೆ, ಸೇರುತ್ತದೆ. ಆರ್ (R) ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ 'ಮೈಸ್' (mice) ಪ್ಯಾಕೇಜ್ ಇದನ್ನೆಲ್ಲ ಮಾಡುತ್ತದೆ. ತುಂಬುವಾಗ ರಿಗ್ರೆಷನ್‌ನಲ್ಲಿ ನೀವು ವಿವರಿಸಲು ಹೊರಟಿರುವ ಅಂಶದ ಕಾಲಂ ಅನ್ನೂ ಸೇರಿಸಿ, ಜಾಸ್ತಿ ಜನ ಎಡವುವುದು ಇಲ್ಲೇ.

ಸಾಲ ದೊಡ್ಡದಾಗಿದೆ ಅಂತಲೇ ಸಾಲ ಮುಚ್ಚಿಟ್ಟವರ ವಿಷಯ ಬೇರೆ. ಅದನ್ನು ಯಾವ ಪ್ಯಾಕೇಜೂ ಪೂರ್ತಿ ಸರಿಮಾಡಲ್ಲ. ತುಂಬಿದ ಸಾಲವನ್ನು 20 ಪರ್ಸೆಂಟ್, ಆಮೇಲೆ 50 ಪರ್ಸೆಂಟ್ ಏರಿಸಿ ನೋಡಿ. ತೀರ್ಮಾನ ಮಗುಚಿಬಿದ್ದರೆ ಹಾಗಂತ ಪ್ರಬಂಧದಲ್ಲೇ ಬರೆಯಿರಿ.

ಇನ್ನು ಗುಳೆ ಹೋಗಿ ಬೀಗ ಹಾಕಿದ ಮನೆಗಳ ಹಾಳೆ ಪೂರ್ತಿ ಖಾಲಿ ಇರುತ್ತದಲ್ಲ, ಅದನ್ನು ಕಂಪ್ಯೂಟರ್ ಮುಂದೆ ಕೂತು ತುಂಬಬೇಡಿ. ಯುಗಾದಿಗೆ ಎಷ್ಟೋ ಜನ ಊರಿಗೆ ಬರುತ್ತಾರೆ, ಆಗ ಇನ್ನೊಮ್ಮೆ ಹೋಗಿ ಬಾಗಿಲು ಬಡಿಯಿರಿ.